ತರಗತಿಯ ಪಾಠ ಲೋಕಕ್ಕೆ ತೆರೆದಾಗ

2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಕಾಸರಗೋಡಿನ ನಮ್ಮ ಹಳ್ಳಿಯ ಕನ್ನಡ ಮಕ್ಕಳಿಗಾಗಿ ಸಮಾಜ ವಿಜ್ಞಾನದ ನಲವತ್ತು ಪಾಠಗಳನ್ನು ಸಿದ್ಧಪಡಿಸಿ ಮೊಬೈಲಿನ ಮೂಲಕ ಮನೆಮನೆಗೆ ಮುಟ್ಟಿಸಿದ್ದೆನು. ಅವನ್ನು ಜಾಲತಾಣವೊಂದರಲ್ಲಿ ಇರಿಸಿದರೆ ಗಡಿನಾಡಿನ ಕನ್ನಡ ಮಕ್ಕಳಿಗೆಲ್ಲ ಉಪಯೋಗವಾದೀತೆಂದು ಮಿತ್ರರೊಬ್ಬರು ಈಚೆಗೆ ಸಲಹೆಯಿತ್ತರು. ಕದ ತೆರೆದಿಟ್ಟರಾಯಿತು, ಅದರಲ್ಲೇನು ಕಷ್ಟವೆಂದೇ ನಾನು ಭಾವಿಸಿದ್ದೆ.

ಈ ಕಾರ್ಯಕ್ಕೆ ಮೊದಲು ದೊಡ್ಡ ಪ್ರಮಾಣದಲ್ಲಿ ಕೈಹಾಕಿದ ಸಂಸ್ಥೆಗಳಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯವು ಪ್ರಮುಖವಾದುದು. ಅಂತರ್ಜಾಲದ ಪಾಠಗಳಿಂದ ಆದಾಯ ಗಳಿಸುವ ಬಗೆಯನ್ನು ಪರಿಶೀಲಿಸಲೆಂದು ಅಲ್ಲಿ ಒಂದು ಸಮಿತಿಯನ್ನು ನೇಮಿಸಲಾಗಿತ್ತು. ಮಾರುವುದಕ್ಕಿಂತ ಉಚಿತವಾಗಿ ಕೊಡುವುದೇ ಲೇಸೆಂದು ಆ ಸಮಿತಿ ಸೂಚಿಸಿತು! 2001ರ ಏಪ್ರಿಲಿನಲ್ಲಿ ಅಧ್ಯಕ್ಷ ಚಾರ್ಲ್ಸ್ ವೆಸ್ಟ್ ಅವರು ಇದನ್ನು ಘೋಷಿಸಿದರು. 2002ರಲ್ಲಿ ಐವತ್ತು ವಿಷಯಗಳ ಪಾಠಸಾಮಗ್ರಿ ಹೊರಬಂದಿತು. 2007ರ ಹೊತ್ತಿಗೆ ಅದು ಸುಮಾರು 1,800ಕ್ಕೆ ಏರಿತು. ಹೆಸರು ನೋಂದಾಯಿಸಬೇಕಾಗಿಲ್ಲ, ಶುಲ್ಕವಿಲ್ಲ; ಪದವಿಯೂ ಇಲ್ಲವೆನ್ನಿ.

ಪಡೆಯುವವನಿಗೆ ಉಚಿತವಾದುದು ಕೊಡುವವನಿಗೆ ಉಚಿತವಲ್ಲ. ಹ್ಯೂಲೆಟ್ ಮತ್ತು ಮೆಲನ್ ಪ್ರತಿಷ್ಠಾನಗಳು ಧನಸಹಾಯವಿತ್ತವು. ಪ್ರಾಧ್ಯಾಪಕರ ಟಿಪ್ಪಣಿಗಳಲ್ಲಿ ಪರರ ಪುಸ್ತಕಗಳ ಚಿತ್ರ, ಕೋಷ್ಟಕಗಳು ಹೇರಳವಾಗಿದ್ದವು. ಪ್ರತಿಯೊಂದಕ್ಕೂ ಒಡೆಯರ ಅನುಮತಿ ಪಡೆಯಬೇಕು, ಇಲ್ಲವೇ ಹೊಸದಾಗಿ ಬರೆಸಬೇಕು, ಎರಡೂ ಸಾಧ್ಯವಾಗದಿದ್ದರೆ ತೆಗೆದುಹಾಕಬೇಕು. ಈ ಕೆಲಸಕ್ಕೆಂದೇ ಪ್ರತ್ಯೇಕ ಸಿಬ್ಬಂದಿಯಿದ್ದರು. ಕೊನೆಗೆ ಕ್ರಿಯೇಟಿವ್ ಕಾಮನ್ಸ್ ಎಂಬ ಪರವಾನಗಿಯ ಅನ್ವಯ ಪ್ರಕಟಿಸಿದರು: ಯಾರೂ ನಕಲು ಮಾಡಬಹುದು, ಭಾಷಾಂತರಿಸಬಹುದು, ಆದರೆ ಮೂಲದ ಹೆಸರು ಹೇಳಬೇಕು, ವ್ಯಾಪಾರಕ್ಕೆ ಬಳಸಬಾರದು, ತಾನು ಮಾರ್ಪಡಿಸಿದುದನ್ನೂ ಅದೇ ನಿಬಂಧನೆಯ ಮೇಲೆ ಹಂಚಬೇಕು.

ನಮ್ಮ ದೇಶದಲ್ಲಿಯೂ ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕೂಡಿ 2003ರಲ್ಲಿ ಎನ್‌ಪಿಟಿಇಎಲ್ ಯೋಜನೆಯನ್ನು ಆರಂಭಿಸಿದವು. ಆದರೆ ಅದು ಕಾಲೇಜಿನವರಿಗೆ. ಗಡಿಯೀಚೆಯ ಏಳನೆಯ ತರಗತಿಯ ಕನ್ನಡ ಮಗುವಿಗೆ ತನ್ನ ಊರಿನ ಹೊಳೆ, ಕೋಟೆಗಳ ಪಾಠವನ್ನು ಬರೆದುಕೊಡಬೇಕಾದವರು ನಾವೇ ತಾನೆ?

ಇದನ್ನೆಲ್ಲ ತಿಳಿದ ಮೇಲೆ ನನ್ನ ಪಾಠಗಳನ್ನು ಮತ್ತೊಮ್ಮೆ ತೆರೆದು ನೋಡಿದೆ. ನಾಚಿಕೆಯಾಯಿತು. ಭೂಪಟಗಳಲ್ಲಿ ಹೆಚ್ಚಿನವು ಖಾಸಗಿ ಪ್ರಕಾಶಕರ ಪುಸ್ತಕದವು. ಪಾಠ ಹೇಳುವ ಸಂದರ್ಭದಲ್ಲಿ ಅಧ್ಯಾಪಕನು ಇಂತಹವನ್ನು ಪ್ರತಿಮಾಡಿಕೊಳ್ಳಲು 1957ರ ಗ್ರಂಥಸ್ವಾಮ್ಯ ಕಾಯಿದೆಯ 52ನೆಯ ಕಲಮು ಅವಕಾಶವಿತ್ತಿದೆ. ಆದರೆ ಆ ರಿಯಾಯಿತಿ ಪಾಠ ಹೇಳುವುದಕ್ಕೆ ಮಾತ್ರ, ಲೋಕಕ್ಕೆಲ್ಲ ಪ್ರಕಟಿಸುವುದಕ್ಕಲ್ಲ. ಅದಕ್ಕಿಂತಲೂ ಮನಸ್ಸಿಗೆ ನಾಟಿದುದು ಮತ್ತೊಂದು. ಪಾಠದ ನಡುವೆ ಮಕ್ಕಳನ್ನು ಹೆಸರು ಹಿಡಿದು ಕರೆದಿದ್ದೆ. ಒಬ್ಬ ಹುಡುಗನ ತಪ್ಪು ಉತ್ತರವನ್ನು ಗದರಿಸಿಯೂ ಇದ್ದೆ. ತರಗತಿಯೊಳಗೆ ಅದು ಅಂದಿಗೆ ಮುಗಿಯುವ ಮಾತು. ಜಾಲತಾಣದಲ್ಲಾದರೆ ಅವನು ದೊಡ್ಡವನಾದ ಮೇಲೂ ಉಳಿಯುತ್ತಿತ್ತು.

ಆ ಭಾಗಗಳನ್ನೆಲ್ಲ ತೆಗೆದು ಪುನಃ ಓದಿ ಧ್ವನಿಮುದ್ರಿಸುತ್ತಿದ್ದೇನೆ. ಈವರೆಗೆ ಹನ್ನೊಂದು ಪಾಠಗಳು ಸಿದ್ಧವಾಗಿವೆ. ಚಂದ್ರಗಿರಿ ಹೊಳೆಯ ನಕ್ಷೆಯನ್ನು ನಮ್ಮ ಚಿತ್ರಕಲಾ ಅಧ್ಯಾಪಕರು ಹೊಸದಾಗಿ ಬರೆಯುತ್ತಿದ್ದಾರೆ. ಅದರ ಕೆಳಗೆ ಅವರ ಹೆಸರನ್ನು ತಪ್ಪದೆ ಹಾಕಬೇಕೆಂದು ಈಗಲೇ ಹೇಳಿಟ್ಟಿದ್ದಾರೆ.