ಹೊಟ್ಟೆಗೆ ಬೆಲ್ಟ್: ಯಾರಿಗೆ, ಎಷ್ಟು ಬಿಗಿ?

ತೂಕ ಇಳಿಸುವ ಆಪರೇಷನ್ ಆಗಿ ಮನೆಗೆ ಬಂದ ಕೂಡಲೇ ಯಾರಾದರೂ ಕೇಳೇ ಕೇಳ್ತಾರೆ: "ಬೆಲ್ಟ್ ಕಟ್ಟಿಲ್ವಾ? ಚರ್ಮ ಜೋತು ಬೀಳುತ್ತೆ!"

ಇಲ್ಲ. ವರ್ಷಗಟ್ಟಲೆ ಹಿಗ್ಗಿದ ಚರ್ಮವನ್ನು ಯಾವ ಬೆಲ್ಟೂ ಕುಗ್ಗಿಸೋದಿಲ್ಲ. ಬಾಣಂತಿಗೆ ಹೊಟ್ಟೆ ಕಟ್ಟುವ ನಮ್ಮ ರೂಢಿಯಿಂದಲೇ ಈ ನಂಬಿಕೆ ಬಂದಿರಬಹುದು.

ಬೆಲ್ಟ್ ಕೊಡೋದು ಆಸರೆ. ಕೆಮ್ಮುವಾಗ, ಹಾಸಿಗೆಯಿಂದ ಏಳುವಾಗ, ನಡೆಯುವಾಗ ಗಾಯದ ಎಳೆತ ಕಡಿಮೆ ಅನಿಸುತ್ತೆ. ತೂಕ ಇಳಿಸುವ ಸ್ಲೀವ್, ಬೈಪಾಸ್ ಆಪರೇಷನ್‌ಗಳು ಈಗ ಬಹುಪಾಲು ಲ್ಯಾಪರೋಸ್ಕೋಪಿಯಲ್ಲಿ, ಸಣ್ಣ ತೂತುಗಳ ಮೂಲಕವೇ ಆಗುತ್ತವೆ. ಹಾಗಾಗಿ ಎಲ್ಲರಿಗೂ ಬೆಲ್ಟ್ ಬೇಕಿಲ್ಲ. ತೂಕ ಇಳಿದು ನಿಂತ ಮೇಲೆ, ಸಾಮಾನ್ಯವಾಗಿ 12ರಿಂದ 18 ತಿಂಗಳ ನಂತರ, ಜೋತ ಚರ್ಮ ತೆಗೆಸಿದರೆ ಮಾತು ಬೇರೆ. ಆಗ ಊತ ತಗ್ಗಲಿ ಅಂತ ಕಂಪ್ರೆಷನ್ ಉಡುಪನ್ನು ಹಲವು ವಾರ ಹಾಕಿಸ್ತಾರೆ.

ಬಿಗಿ ಎಷ್ಟಿರಬೇಕು? ಒಮ್ಮೆ ಉದ್ದ ಉಸಿರು ಎಳೆಯಿರಿ. ಆಗದಿದ್ದರೆ ಸಡಿಲಿಸಿ. ಸ್ಲೀವ್ ಆದ ಹಲವರಿಗೆ ಎದೆಯುರಿ ಇರುತ್ತೆ. ಹೊಟ್ಟೆ ಹಿಂಡಿದರೆ ಹುಳಿ ಇನ್ನಷ್ಟು ಮೇಲೇರುತ್ತೆ.

ಮಂಗಳೂರು, ಉಡುಪಿಯ ಸೆಕೆಯಲ್ಲಿರುವವರು ಇದನ್ನು ಗಮನವಿಟ್ಟು ಕೇಳಿ. ಚರ್ಮದ ಮಡಿಕೆಗಳ ಸಂದಿಯಲ್ಲಿ ಬೆವರು ನಿಂತರೆ ತುರಿಕೆ, ಫಂಗಸ್, ಹುಣ್ಣು. ಮೈ ಒರೆಸಿ, ಚೆನ್ನಾಗಿ ಆರಿದ ಮೇಲೆ ತೆಳು ಹತ್ತಿ ಬನಿಯನ್ ಹಾಕಿ, ಅದರ ಮೇಲೆ ಬೆಲ್ಟ್. ಒದ್ದೆ ಬೆಲ್ಟ್ ಬೇಡವೇ ಬೇಡ, ಎರಡು ಇಟ್ಟುಕೊಳ್ಳಿ. ಮೊದಲ ತಿಂಗಳುಗಳಲ್ಲಿ ತೂಕ ಬೇಗ ಇಳಿಯೋದರಿಂದ ಬೆಲ್ಟಿನ ಅಳತೆಯೂ ಬದಲಾಗುತ್ತೆ.

ಒಂದು ಕಾಲು ಊದಿ ಮೀನಖಂಡ ನೋಯುತ್ತಿದ್ದರೆ ಅಥವಾ ಏಕಾಏಕಿ ಉಸಿರು ಕಟ್ಟಿದರೆ, ಬೆಲ್ಟ್ ಬಿಗಿಯಾಗಿರಬೇಕು ಅಂದುಕೊಂಡು ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೊರಡಿ.