ಟ್ರಂಕಿನ ತಳದ ಹಳೇ ಸೀರೆ

ಕುಬಸ ಮುಗಿದು ಬಸುರಿ ಮಗಳು ತವರಿಗೆ ಬಂದಳೆಂದರೆ ಆಳಂದ ಸೀಮೆಯ ಮನೆಗಳಲ್ಲಿ ಒಂದು ಮಧ್ಯಾಹ್ನ ಟ್ರಂಕು ತೆಗೆಯುವ ಕೆಲಸ ಇರುತ್ತಿತ್ತು. ತಗಡಿನ ಟ್ರಂಕು. ಮೇಲೆ ಮದುವೆಯ ಸೀರೆಗಳು, ನಡುವೆ ಆಹೇರಿಗೆ ಬಂದ ಖಣಗಳು, ತಳದಲ್ಲಿ ಒಗೆದು ಒಗೆದು ಬಣ್ಣ ಬಿಟ್ಟ ಇಳಕಲ್ ಸೀರೆ, ಅಜ್ಜನ ಹಳೇ ಧೋತರ. ಆವತ್ತು ಬೇಕಾದದ್ದು ತಳದವೇ. “ಹೊಸಾ ಅರಿವಿ ಕೂಸಿಗಿ ಚುಚ್ಚತದ” ಎನ್ನುತ್ತ ಆಯಿ ಸೀರೆಯನ್ನು ಕೆನ್ನೆಗೆ ಒತ್ತಿ ನೋಡುತ್ತಿದ್ದಳು. ಕೈಗೆ ಮೆತ್ತಗೆ ಹತ್ತಿದರೆ ಸಾಲದು, ಕೆನ್ನೆ ಒಪ್ಪಬೇಕು.

ಒಪ್ಪಿದ ಮೇಲೆ ರೇಷ್ಮೆಯ ಸೆರಗು, ದಡಿ ಎರಡನ್ನೂ ಬೇರೆ ಮಾಡಿ ಹತ್ತಿಯ ಒಡಲನ್ನಷ್ಟೇ ಇಟ್ಟುಕೊಳ್ಳುವುದು. ಕತ್ತರಿಗೆ ಕೆಲಸ ಕಡಿಮೆ. ಹಲ್ಲಿನಿಂದ ಒಂದು ಕಚ್ಚು ಕೊಟ್ಟು ಎಳೆದರೆ ಬಟ್ಟೆ ತನ್ನ ನೂಲಿನ ಗುಂಟವೇ ಚರ್ರನೆ ಹರಿದುಕೊಂಡು ಹೋಗುತ್ತದೆ. ಅಂಚು ಮಡಿಚಿ ಹೊಲಿಯುವುದಿಲ್ಲ, ಹೊಲಿಗೆಯ ಗೆರೆ ಕೂಸಿನ ತೊಡೆಸಂದಿಯನ್ನು ಕೆಂಪು ಮಾಡುತ್ತದೆ. ಹೀಗೆ ಹರಿದ ತುಂಡುಗಳೇ ಲಂಗೋಟಿಗಳು. ಅದಕ್ಕಿಂತ ದೊಡ್ಡದು, ಕೂಸನ್ನು ಸುತ್ತಿ ಮಲಗಿಸಲು ದುಪಟಿ. ಉಳಿದ ಚೂರುಪಾರುಗಳೆಲ್ಲ ಸೇರಿ ಸಣ್ಣ ಕೌದಿ.

ಕಲಬುರಗಿ ಸೀಮೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಈ ಕೂಸಿನ ಬಟ್ಟೆಗಳನ್ನು ಯಾರೂ ಕುಸುರಿ ಕಲೆ ಎಂದು ಲೆಕ್ಕಕ್ಕೆ ಹಿಡಿದಿಲ್ಲ. ಇಳಕಲ್ ಸೀರೆಗೆ, ಗುಳೇದಗುಡ್ಡದ ಖಣಕ್ಕೆ ಹೆಸರಿದೆ. ಅದೇ ಸೀರೆ ಸವೆದು ಲಂಗೋಟಿಯಾದ ಮೇಲೆ ಅದಕ್ಕೆ ಚರಿತ್ರೆಯಿಲ್ಲ. ಆದರೂ ಇದರೊಳಗೆ ಒಂದು ಪಕ್ಕಾ ಯಾದಿಯಿತ್ತು. ಎಲ್ಲೂ ಬರೆದಿಡದ, ಬಾಯಿಂದ ಬಾಯಿಗೆ ಬಂದ ಯಾದಿ: ಲಂಗೋಟಿ ಇಷ್ಟು, ದುಪಟಿ ಇಷ್ಟು, ಝಬಲಾ, ಕುಲಾಯಿ, ಕುಂಚಿಗಿ, ಬಾಣಂತಿಯ ಹೊಟ್ಟೆಗೆ ಬಿಗಿದು ಕಟ್ಟುವ ಉದ್ದನೆಯ ಸೀರೆಪಟ್ಟಿ.

ಇದೇ ಯಾದಿ ಅಚ್ಚಾಗಿ, ಬೆಲೆ ಹಚ್ಚಿಕೊಂಡು ಟಪಾಲಿನಲ್ಲಿ ಮನೆಗೆ ಬರುತ್ತಿದ್ದ ದೇಶವೂ ಇತ್ತು. ಅಮೆರಿಕದ ಶಿಕಾಗೋದಲ್ಲಿ ಮಾಂಟ್ಗೊಮರಿ ವಾರ್ಡ್ 1872ರಲ್ಲಿ ಒಂದೇ ಹಾಳೆಯ ಬೆಲೆಪಟ್ಟಿಯಿಂದ ಅಂಚೆ ವ್ಯಾಪಾರ ಶುರುಮಾಡಿದ. ಗಡಿಯಾರ ಮಾರುತ್ತಿದ್ದ ಸಿಯರ್ಸ್ ಆಮೇಲೆ ಬಂದು ಅದನ್ನು ದಪ್ಪ ಪುಸ್ತಕ ಮಾಡಿದ. 1913ರಲ್ಲಿ ಅಲ್ಲಿ ಪಾರ್ಸೆಲ್ ಅಂಚೆ ಬಂದಮೇಲೆ ಹೊಲದ ನಡುವಿನ ಒಂಟಿ ಮನೆಗೂ ನೇಗಿಲಿನಿಂದ ಹಿಡಿದು ತೊಟ್ಟಿಲವರೆಗೆ ಎಲ್ಲ ತಲುಪತೊಡಗಿತು. 1950ರ ಆಸುಪಾಸಿನ ಅಂಥ ಕ್ಯಾಟಲಾಗುಗಳಲ್ಲಿ ಕೂಸಿನ ಪುಟಗಳೇ ಬೇರೆ: ಡಜನ್ ಲೆಕ್ಕದಲ್ಲಿ ಡೈಪರ್, ಪಿನ್ನು, ಮೇಲೆ ತೊಡಿಸುವ ರಬ್ಬರಿನ ಚಡ್ಡಿ, ಹಾಸುವ ರಬ್ಬರ್ ಶೀಟು. ಡೈಪರ್ ಎಂದರೆ ಆಗಿನ್ನೂ ಬಟ್ಟೆಯೇ. ಆ ಹೆಸರೂ ಮೂಲದಲ್ಲಿ ಕೂಸಿಗೆ ಸಂಬಂಧಿಸಿದ್ದಲ್ಲ. ಹಳೇ ಯುರೋಪಿನಲ್ಲಿ ಸಣ್ಣ ಸಣ್ಣ ವಜ್ರದಾಕಾರದ ನೇಯ್ಗೆಯ ಬಟ್ಟೆಗೆ ಹಾಗೆನ್ನುತ್ತಿದ್ದರು. ನೀರು ಚೆನ್ನಾಗಿ ಹೀರುವ ಆ ನೇಯ್ಗೆ ಕೂಸಿನ ಬುಡಕ್ಕೆ ಬಂತು, ಹೆಸರೂ ಅಲ್ಲೇ ಉಳಿಯಿತು. 27 ಇಂಚಿನ ಚೌಕದ ಅರಿವೆಯನ್ನು ಮೂಲೆಗೆ ಮೂಲೆ ಮಡಿಚಿ ಪಿನ್ನು ಚುಚ್ಚುವುದು ಅಲ್ಲಿನ ಕ್ರಮ. ಆ ಸೇಫ್ಟಿ ಪಿನ್ನಿಗೆ 1849ರಲ್ಲಿ ಪೇಟೆಂಟ್ ಪಡೆದ ವಾಲ್ಟರ್ ಹಂಟ್ ಅದನ್ನು 400 ಡಾಲರಿಗೆ ಮಾರಿಕೊಂಡಿದ್ದ. ಪಾಪ.

ನಮ್ಮ ಕಡೆ ಪಿನ್ನಿನ ಹಂಗು ಇರಲಿಲ್ಲ. ಕೂಸಿನ ನಡಕ್ಕೆ ಕರಿ ಉಡದಾರ ಇರುತ್ತಿತ್ತು. ಲಂಗೋಟಿಯ ಒಂದು ತುದಿಯನ್ನು ಮುಂದೆ ಉಡದಾರದೊಳಗೆ ತೂರಿಸಿ, ಕಾಲ ನಡುವೆ ತಂದು, ಇನ್ನೊಂದು ತುದಿಯನ್ನು ಹಿಂದೆ ಸಿಕ್ಕಿಸಿದರೆ ಆಯಿತು. ಚುಚ್ಚುವ ಭಯವಿಲ್ಲ. ದೃಷ್ಟಿಗೆಂದು ಕಟ್ಟಿದ ದಾರ ಗುಂಡಿಯ ಕೆಲಸವನ್ನೂ ಮಾಡುತ್ತಿತ್ತು. ಉಡದಾರ ಬಿಗಿಯಾಗುತ್ತ ಬಂದರೆ ಕೂಸು ಮೈ ಹಿಡಿಯುತ್ತಿದೆ ಎಂದು ಗೊತ್ತಾಗುತ್ತಿತ್ತು, ತಕ್ಕಡಿ ಬೇಕಿರಲಿಲ್ಲ.

ಯಾದಿಯಲ್ಲಿ ನನಗೆ ತೀರ ಇಷ್ಟದ್ದು ಕುಂಚಿಗಿ. ಉದ್ದನೆಯ ಒಂದು ತುಂಡನ್ನು ಮಡಿಚಿ ಒಂದು ಬದಿ ಹೊಲಿದರೆ ತಲೆಯ ಮೇಲೆ ಟೊಪ್ಪಿಗೆ, ಅಲ್ಲಿಂದ ಬೆನ್ನ ಮೇಲೆ ಇಳಿಬೀಳುವ ಹೊದಿಕೆ. ಲಂಗೋಟಿಗೆ ಹಳತೇ ಬೇಕೆನ್ನುವ ಆಯಿ ಕುಂಚಿಗಿಗೆ ಮಾತ್ರ ಕೈ ಬಿಚ್ಚಿ ಹೊಸ ಖಣ ತೆಗೆಯುತ್ತಿದ್ದಳು. ಮೇಲೆ ಜರಿ, ಮಣಿ, ಕುಚ್ಚು. ತೊಟ್ಟಿಲಿಗೆ ಹಾಕುವ ದಿನ ಬೀಗರ ಕಣ್ಣಿಗೆ ಬೀಳುವುದು ಅದೇ ತಾನೆ! ಗಡಿ ದಾಟಿ ಅಕ್ಕಲಕೋಟೆಯ ಕಡೆ ಹೋದರೆ ಮರಾಠಿಯಲ್ಲಿ ಅದು ಕುಂಚಿ, ದುಪಟಿ ದುಪಟೆ. ಆಳಂದದಲ್ಲಿ ಲಾಡ್ಲೆ ಮಶಾಕರ ದರ್ಗಾದ ಸುತ್ತಲಿನ ಓಣಿಗಳ ಮಾತು ಬೇರೆ. ಕೂಸಿನ ಬಟ್ಟೆಗೆ ಉರ್ದುವಿನಲ್ಲಿ ಪೋತಡಾ ಎನ್ನುತ್ತಾರೆ, ಹುಟ್ಟಾ ಶ್ರೀಮಂತನಿಗೆ ‘ಪೋತಡೋಂ ಕೆ ರಯೀಸ್’, ಲಂಗೋಟಿಯಿಂದಲೇ ಸಾಹುಕಾರ ಎಂದು. ಕನ್ನಡದಲ್ಲಿ ಲಂಗೋಟಿ ಬಡವನ ಗುರುತು, ಉರ್ದುವಿನಲ್ಲಿ ಸಿರಿವಂತನದು. ಕೂಸಿಗೆ ಎರಡೂ ಒಂದೇ.

ನಮ್ಮಲ್ಲಿ ಟಪಾಲಿನ ವ್ಯಾಪಾರ ಇರಲಿಲ್ಲ ಎಂದಲ್ಲ. ಬ್ರಿಟಿಷರ ಅಂಚೆಯಲ್ಲಿ ವ್ಹಿ.ಪಿ. ಪದ್ಧತಿ 1877ರಲ್ಲೇ ಬಂದಿತ್ತು. ಸಾಮಾನು ಬಾಗಿಲಿಗೆ ಬಂದಮೇಲೆ ಪೋಸ್ಟ್‌ಮನ್ ಕೈಯಲ್ಲಿ ರೊಕ್ಕ ಕೊಟ್ಟರಾಯಿತು. ಕಲಬುರಗಿ ಸೀಮೆ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದ್ದು, ಅದರ ಅಂಚೆ ಬೇರೆ, ಸ್ಟ್ಯಾಂಪು ಬೇರೆ. ಅದೇನೇ ಇರಲಿ, ವ್ಹಿ.ಪಿ.ಯಲ್ಲಿ ಜನ ತರಿಸಿಕೊಂಡದ್ದು ಪುಸ್ತಕ, ಗಡಿಯಾರ, ಪತ್ರಿಕೆಯ ಜಾಹೀರಾತು ನೋಡಿ ನಂಬಿದ ಔಷಧಿ. ಲಂಗೋಟಿಯನ್ನು ಯಾವ ಪುಣ್ಯಾತ್ಮ ತರಿಸಿಯಾನು? ಹೊಸದು ಬೇಕಾದರೆ ಕಲಬುರಗಿಯ ಎಂ.ಎಸ್.ಕೆ. ಮಿಲ್ಲಿನ ಅರಿವೆ ಇತ್ತು, ಸೊಲ್ಲಾಪುರದ ಚಾದರ, ಟವೆಲ್ಲು ಇದ್ದವು. ಹಳತಾಗಿ ಮೆತ್ತಗಾದ ಬಟ್ಟೆಯನ್ನು ಮಾತ್ರ ಯಾವ ಅಂಗಡಿಯೂ ಇಟ್ಟಿರಲಿಲ್ಲ. ಆ ಮೆತ್ತನೆ ಬರುವುದಕ್ಕೆ ಒಬ್ಬ ಹೆಂಗಸು ಅದನ್ನುಟ್ಟು ವರ್ಷಗಟ್ಟಲೆ ಕಳೆ ತೆಗೆದಿರಬೇಕು, ರೊಟ್ಟಿ ಬಡಿದಿರಬೇಕು, ಭೀಮೆಯ ಕಲ್ಲಿನ ಮೇಲೆ ಒಗೆದಿರಬೇಕು. ಸಾಲದ್ದಕ್ಕೆ ಅಕ್ಕಪಕ್ಕದ ಮನೆಗಳಿಂದ ಕೇಳಿ ತರುತ್ತಿದ್ದರು. ಮಕ್ಕಳು ಚೆನ್ನಾಗಿ ಉಳಿದ ಮನೆಯ ಅರಿವೆಗೆ ಬೇಡಿಕೆ ಹೆಚ್ಚು.

ಇನ್ನು ಒಗೆಯುವ ಮಾತು. ಹಿಂದಿನದೆಲ್ಲ ಚೆಂದ ಎಂದು ಹಾಡುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಅಮೆರಿಕದ ಶಹರಗಳಲ್ಲಿ ಹೊಲಸಾದ ಡೈಪರು ಒಯ್ದು ಒಗೆದು ತಂದುಕೊಡುವ ಕಂಪನಿಗಳಿದ್ದವು, ಲೆಕ್ಕವಿಟ್ಟು ಹಣ ಪಡೆಯುತ್ತಿದ್ದವು. ನಮ್ಮಲ್ಲಿ ಬಾಣಂತಿಯ ಬಟ್ಟೆ ಅಗಸಗಿತ್ತಿಯ ಪಾಲಿಗೆ ಬರುತ್ತಿತ್ತು. ಕೂಲಿ ರಾಶಿಯ ಕಾಲಕ್ಕೆ ಸಿಗುವ ಆಯದ ಜೋಳದಲ್ಲೇ ಬಂತು. ಮೈಲಿಗೆ ಎಂದು ಎಲ್ಲರೂ ದೂರ ನಿಂತ ಅರಿವೆಗೆ ಕೈ ಹಾಕಿದವಳಿಗೆ ಸಿಕ್ಕಿದ್ದು ಮೊರದ ಲೆಕ್ಕ. ಮಳೆಗಾಲದಲ್ಲಿ ಲಂಗೋಟಿ ಒಣಗುವುದೇ ದೊಡ್ಡ ರಗಳೆ. ಕುಳ್ಳಿನ ಕೆಂಡದ ಮೇಲೆ ಬುಟ್ಟಿ ಕವುಚಿ, ಅದರ ಮೇಲೆ ಅರಿವೆ ಹರವಿ, ಒಂದು ಚಿಟಿಕೆ ಲೋಬಾನ. ಬಾಣಂತಿ ಕೋಣೆಗೆ ಬರುವ ಆ ವಾಸನೆ ಅರ್ಧ ಲೋಬಾನದ್ದು, ಅರ್ಧ ಹೊಗೆಯದು.

ಅಮೆರಿಕದಲ್ಲಿ ಒಗೆತಕ್ಕೆ ಬೇಸತ್ತ ತಾಯಿಯೊಬ್ಬಳು ಬೇರೆ ದಾರಿ ಹುಡುಕಿದಳು. ಮರಿಯನ್ ಡೊನೊವನ್ ಸ್ನಾನದ ಮನೆಯ ಪರದೆಯನ್ನೇ ಕತ್ತರಿಸಿ, ನೀರು ಸೋರದ, ಪಿನ್ನು ಬೇಡದ ಮೇಲ್ಚಡ್ಡಿ ಹೊಲಿದಳು. 1949ರಲ್ಲಿ ಅದು ನ್ಯೂಯಾರ್ಕಿನ ದೊಡ್ಡ ಅಂಗಡಿಯಲ್ಲಿ ಮಾರಾಟಕ್ಕೆ ಬಂತು, 1951ರಲ್ಲಿ ಪೇಟೆಂಟೂ ಸಿಕ್ಕಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ, 1961ಕ್ಕೆ, ಬಳಸಿ ಎಸೆಯುವ ಪ್ಯಾಂಪರ್ಸ್ ಬಂತು. ಬಟ್ಟೆಯ ಡೈಪರಿನ ಪುಟಗಳು ತೆಳ್ಳಗಾಗುತ್ತ ಹೋದವು. ಸಿಯರ್ಸ್‌ನ ದೊಡ್ಡ ಕ್ಯಾಟಲಾಗೇ 1993ಕ್ಕೆ ನಿಂತಿತು.

ನಮ್ಮ ಯಾದಿ ಮೊದಲ ಸಲ ಕಾಗದದ ಮೇಲೆ ಬಂದದ್ದು ಸರ್ಕಾರದ ಕೈಯಿಂದ ಎಂದರೆ ನಗು ಬರಬಹುದು. 2007ರಲ್ಲಿ ಕರ್ನಾಟಕ ಸರ್ಕಾರ ಮಡಿಲು ಯೋಜನೆ ತಂದಿತು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ಬಡ ಕುಟುಂಬದ ತಾಯಿಗೆ 19 ಸಾಮಾನುಗಳ ಒಂದು ಕಿಟ್. ಸೊಳ್ಳೆಪರದೆ, ರಬ್ಬರ್ ಶೀಟು, ಕೂಸಿನ ಟೊಪ್ಪಿಗೆ, ಸ್ವೆಟರ್, ಡೈಪರು, ಸಾಬೂನು, ತಾಯಿಯ ಹೊಟ್ಟೆಗೆ ಕಟ್ಟುವ ಬಟ್ಟೆ. ಹೊಟ್ಟೆಪಟ್ಟಿಯನ್ನು ಮರೆಯದೆ ಹಾಕಿದ ಅಧಿಕಾರಿ ಯಾರೋ, ಅವರ ಮನೆಯಲ್ಲಿ ಬಾಣಂತನ ಮಾಡಿ ಗೊತ್ತಿದ್ದ ಹಿರಿಯಳೊಬ್ಬಳು ಇದ್ದಿರಲೇಬೇಕು.

ಈಗ ಅಫಜಲಪುರದ ಕಿರಾಣಿ ಅಂಗಡಿಯ ಮುಂದೆ ಶಾಂಪೂ ಚೀಟಿಗಳ ಪಕ್ಕದಲ್ಲೇ ಬಿಡಿ ಡೈಪರಿನ ಪಾಕೀಟು ತೂಗಾಡುತ್ತದೆ. ಗಾಣಗಾಪುರಕ್ಕೆ ಹುಣ್ಣಿಮೆಗೆಂದು ಕೂಸು ಎತ್ತಿಕೊಂಡು ಬರುವವರಿಗೆ ಅದು ದೊಡ್ಡ ಅನುಕೂಲ, ಇಲ್ಲವೆನ್ನಲಾಗದು. ಬಸ್ಸಿನಲ್ಲಿ ಲಂಗೋಟಿ ಬದಲಿಸಿದವರಿಗೇ ಗೊತ್ತು ಆ ಪಾಡು. ಬಳಸಿದ್ದು ಹಳ್ಳದ ದಂಡೆಯಲ್ಲಿ ಬಿದ್ದು ಉಬ್ಬಿರುವುದನ್ನೂ ನೋಡಿದ್ದೇನೆ. ಕ್ಯಾಟಲಾಗು ಮೊಬೈಲಿನೊಳಗೆ ಬಂದಿದೆ, ಕೊರಿಯರ್ ಹುಡುಗ ತಾಂಡಾದ ತನಕ ಬೈಕು ಓಡಿಸುತ್ತಾನೆ.

ಮೊನ್ನೆ ಬೆಂಗಳೂರಿನಲ್ಲಿ ನಮ್ಮ ಬಳಗದ ಹುಡುಗಿಯೊಬ್ಬಳು ಆನ್‌ಲೈನಿನಲ್ಲಿ ಹತ್ತಿಯ ಮಸ್ಲಿನ್ ಲಂಗೋಟಿ ತರಿಸಿದ್ದಳು. ಒಂದಕ್ಕೆ ಕೊಟ್ಟ ದುಡ್ಡಿನಲ್ಲಿ ಒಂದು ಸಾದಾ ಸೀರೆ ಬರುತ್ತಿತ್ತು. ಡಬ್ಬದ ಮೇಲೆ ‘ಮೊದಲೇ ತೊಳೆದು ಮೃದುಗೊಳಿಸಿದ್ದು’ ಎಂದು ಬರೆದಿತ್ತು. ಬಾಣಂತನಕ್ಕೆಂದು ಜೇವರ್ಗಿಯಿಂದ ರಾತ್ರಿ ಬಸ್ಸಿಗೆ ಬಂದಿದ್ದ ಅವಳ ತಾಯಿ, ತಾನು ತಂದ ಗಂಟನ್ನು ಇನ್ನೂ ಬಿಚ್ಚಿರಲಿಲ್ಲ. ಡಬ್ಬದಿಂದ ಒಂದನ್ನು ತೆಗೆದು ಕೆನ್ನೆಗೆ ಒತ್ತಿ ನೋಡಿದಳು.

“ಛಲೋ ಅದ. ಇನ್ನ ಒಂದು ನಾಕ್ ವರ್ಷ ಒಗೀಬೇಕು.”