ಕಟ್ಟಡ ಕಾಮಗಾರಿ ಸ್ಥಳದಲ್ಲಿ ಶೌಚಾಲಯ: ನಿಯಮ ಹೇಳುವುದೇನು, ಹೊಣೆ ಯಾರದು?

ಬೆಂಗಳೂರು: ಹತ್ತು ಹನ್ನೆರಡು ಅಂತಸ್ತಿನ ವಸತಿ ಸಮುಚ್ಚಯವೊಂದು ಮೇಲೇಳುವಾಗ ಅಲ್ಲಿ ಏಕಕಾಲಕ್ಕೆ ಇನ್ನೂರು ಮುನ್ನೂರು ಮಂದಿ ದುಡಿಯುವುದುಂಟು. ಮುಂದೆ ಪ್ರತಿ ಮನೆಗೂ ಎರಡು ಮೂರು ಶೌಚಾಲಯಗಳಿರುವ ಆ ಕಟ್ಟಡವನ್ನು ಕಟ್ಟುವ ಕೈಗಳಿಗೆ, ಕಟ್ಟುವ ಅವಧಿಯಲ್ಲಿ ಶೌಚಾಲಯವಿದೆಯೇ? ದುಡಿದ ಕೈ ತೊಳೆಯಲು ನೀರು, ಸಾಬೂನು ಇವೆಯೇ? ಕಾಮಗಾರಿ ನಡೆಯುವ ಸ್ಥಳದ ತಗಡಿನ ಬೇಲಿಯ ಹೊರಗೆ ಓಡಾಡುವವರಿಗೆ ಈ ಪ್ರಶ್ನೆ ಸಾಮಾನ್ಯವಾಗಿ ಹೊಳೆಯುವುದಿಲ್ಲ. ಆದರೆ ಕಾನೂನು ಇದಕ್ಕೆ ಸುಮಾರು ಮೂರು ದಶಕಗಳ ಹಿಂದೆಯೇ ಉತ್ತರ ಕೊಟ್ಟಿದೆ.

ಕಾನೂನಿನ ಹಾದಿ

ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಾಯ್ದೆ ಜಾರಿಗೆ ಬಂದದ್ದು 1996ರಲ್ಲಿ. ಅದರ 33ನೇ ಕಲಮು, ಕೆಲಸ ನಡೆಯುವ ಪ್ರತಿ ಸ್ಥಳದಲ್ಲಿಯೂ ಮಾಲೀಕನು ಸಾಕಷ್ಟು ಶೌಚಾಲಯ ಮತ್ತು ಮೂತ್ರಾಲಯಗಳನ್ನು ಒದಗಿಸಬೇಕು, ಅವು ಕಾರ್ಮಿಕರಿಗೆ ಸದಾಕಾಲ ಸುಲಭವಾಗಿ ಸಿಗುವಂತಿರಬೇಕು ಎಂದು ವಿಧಿಸಿತು. ಈ ಕಾಯ್ದೆಯಡಿ ಕೇಂದ್ರ ಸರ್ಕಾರ 1998ರಲ್ಲಿ, ಕರ್ನಾಟಕ 2006ರಲ್ಲಿ ನಿಯಮಾವಳಿ ರೂಪಿಸಿದವು.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1996ರ ಕಾಯ್ದೆಯ ಸ್ಥಾನವನ್ನು ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ-2020 ತುಂಬಿತು. ಸಂಹಿತೆಯ 23ನೇ ಕಲಮು ಪುರುಷ, ಮಹಿಳೆ ಹಾಗೂ ತೃತೀಯ ಲಿಂಗಿ ಉದ್ಯೋಗಿಗಳಿಗೆ ಪ್ರತ್ಯೇಕ ಶೌಚಾಲಯಗಳ ಬಗ್ಗೆ ಹೇಳುತ್ತದೆ. 24ನೇ ಕಲಮು ಪುರುಷರಿಗೂ ಮಹಿಳೆಯರಿಗೂ ಪ್ರತ್ಯೇಕವಾಗಿ ಕೈಕಾಲು ತೊಳೆಯುವ ವ್ಯವಸ್ಥೆಯನ್ನು ಕಲ್ಯಾಣ ಸೌಲಭ್ಯಗಳ ಪಟ್ಟಿಗೆ ಸೇರಿಸಿದೆ. ಬದಲಾವಣೆಯ ಅವಧಿಯಲ್ಲಿ ಹಳೆಯ ಕಾಯ್ದೆಗಳ ಸಂಬಂಧಪಟ್ಟ ನಿಯಮಗಳು ಮುಂದುವರಿಯುತ್ತವೆ ಎಂದು ಕೇಂದ್ರ ಸರ್ಕಾರ ಸಂಹಿತೆಗಳನ್ನು ಜಾರಿಗೊಳಿಸುವಾಗಲೇ ತಿಳಿಸಿತ್ತು.

ಎಷ್ಟು ಮಂದಿಗೆ ಎಷ್ಟು?

ಗುತ್ತಿಗೆ ಕಾರ್ಮಿಕರಿಗೆ ಸಂಬಂಧಿಸಿದ ಕೇಂದ್ರದ 1971ರ ನಿಯಮಾವಳಿ ಹಾಕಿಕೊಟ್ಟ ಲೆಕ್ಕ ಸರಳವಾದುದು. ಪ್ರತಿ 25 ಪುರುಷರಿಗೆ ಕನಿಷ್ಠ ಒಂದು ಶೌಚಾಲಯ. ಪ್ರತಿ 25 ಮಹಿಳೆಯರಿಗೆ ಕನಿಷ್ಠ ಒಂದು. ಸಂಖ್ಯೆ 100 ದಾಟಿದರೆ ಮೊದಲ ನೂರಕ್ಕೆ ಇದೇ ಲೆಕ್ಕ, ಆನಂತರ ಪ್ರತಿ 50 ಮಂದಿಗೆ ಒಂದು. ಉದಾಹರಣೆಗೆ 200 ಪುರುಷರು ಹಾಗೂ 60 ಮಹಿಳೆಯರು ದುಡಿಯುವ ಜಾಗದಲ್ಲಿ ಪುರುಷರಿಗೆ ಆರು, ಮಹಿಳೆಯರಿಗೆ ಮೂರು ಶೌಚಾಲಯಗಳಿರಬೇಕು.

ಸಂಖ್ಯೆ ಸರಿಯಿದ್ದ ಮಾತ್ರಕ್ಕೆ ನಿಯಮ ಪಾಲನೆಯಾಯಿತು ಎನ್ನಲಾಗದು. 1998ರ ನಿಯಮಾವಳಿಯ ಪ್ರಕಾರ ಶೌಚಾಲಯಕ್ಕೆ ಮೇಲ್ಛಾವಣಿ, ಮರೆ, ಬಾಗಿಲು ಮತ್ತು ಚಿಲಕ ಇರಬೇಕು. ಸಾಕಷ್ಟು ಬೆಳಕಿರಬೇಕು. ಒಳಗೆ ಅಥವಾ ಸಮೀಪದಲ್ಲಿ ನಲ್ಲಿಯ ಮೂಲಕವೋ ಬೇರೆ ರೀತಿಯಲ್ಲೋ ನೀರು ಸಿಗಬೇಕು. ನಾಲ್ಕು ತಿಂಗಳಿಗೊಮ್ಮೆ ಸುಣ್ಣ ಬಣ್ಣ ಕಾಣಬೇಕು. ಪುರುಷರಿಗೆ, ಮಹಿಳೆಯರಿಗೆ ಎಂಬ ಫಲಕ ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿರಬೇಕು. ಜೊತೆಗೆ ಗಂಡಸು ಅಥವಾ ಹೆಂಗಸಿನ ಚಿತ್ರವೂ ಇರಬೇಕು. ರಾಯಚೂರು, ಯಾದಗಿರಿಯವರ ಪಕ್ಕದಲ್ಲೇ ಒಡಿಶಾ, ಬಿಹಾರ, ಪಶ್ಚಿಮ ಬಂಗಾಳದವರು ಗಾರೆ ಕಲಸುವ ಬೆಂಗಳೂರಿನಲ್ಲಿ ಈ ಚಿತ್ರ ಅಲಂಕಾರಕ್ಕಲ್ಲ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

'ಸದಾಕಾಲ ಸುಲಭವಾಗಿ ಸಿಗುವಂತೆ' ಎಂಬ ಮಾತಿನ ತೂಕ ಎತ್ತರದ ಕಟ್ಟಡಗಳಲ್ಲಿ ತಿಳಿಯುತ್ತದೆ. ಹನ್ನೆರಡನೇ ಅಂತಸ್ತಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುವವನು ನೆಲಮಹಡಿಯ ಶೌಚಾಲಯಕ್ಕೆ ಮೆಟ್ಟಿಲಿಳಿದು ಹತ್ತಿ ಬರಬೇಕಾದರೆ, ಆ ಶೌಚಾಲಯ ಕಾಗದದಲ್ಲಿ ಮಾತ್ರ ಹತ್ತಿರವಿರುತ್ತದೆ. ಕೆಲವು ಅಂತಸ್ತುಗಳಿಗೊಂದರಂತೆ ತಾತ್ಕಾಲಿಕ ಶೌಚಾಲಯ ಇರಿಸುವುದು ಇದಕ್ಕೆ ಪರಿಹಾರ.

ಸಂಚಾರಿ ಶೌಚಾಲಯದ ಮಿತಿ

ಒಳಚರಂಡಿ ಇನ್ನೂ ಮುಟ್ಟದ ಹೊರವಲಯದ ಬಡಾವಣೆಗಳಲ್ಲಿ ಪ್ಲಾಸ್ಟಿಕ್‌ನ ಸಂಚಾರಿ ಶೌಚಾಲಯಗಳು ಅನುಕೂಲಕರ. ಇವುಗಳ ಅಡಿಯಲ್ಲಿರುವ ತೊಟ್ಟಿಯಲ್ಲಿ ಮಲಮೂತ್ರ ಸಂಗ್ರಹವಾಗುತ್ತದೆ. ತೊಟ್ಟಿ ತುಂಬುವ ಮೊದಲೇ ಹೀರುಯಂತ್ರದ ವಾಹನ ಬಂದು ಖಾಲಿ ಮಾಡಬೇಕು. ಪಾಶ್ಚಾತ್ಯ ದೇಶಗಳಲ್ಲಿ ಶೌಚಕ್ಕೆ ಕಾಗದ ಬಳಸುವುದರಿಂದ ತೊಟ್ಟಿ ನಿಧಾನವಾಗಿ ತುಂಬುತ್ತದೆ. ನಮ್ಮಲ್ಲಿ ನೀರು ಬೇಕು. ಒಬ್ಬರು ದಿನಕ್ಕೊಮ್ಮೆ ಮೂರು ಲೀಟರ್ ನೀರು ಬಳಸಿದರೂ 25 ಮಂದಿಗೆ 75 ಲೀಟರ್ ಆಗುತ್ತದೆ. 200 ಲೀಟರ್‌ನ ತೊಟ್ಟಿ ಮೂರನೇ ದಿನ ಮುಗಿಯುವ ಮೊದಲೇ ಭರ್ತಿ. ವಾರಕ್ಕೊಮ್ಮೆ ವಾಹನ ಕರೆಸುವ ಒಪ್ಪಂದ ಇಲ್ಲಿ ಸಾಲದು. ಉಕ್ಕಿ ಹರಿಯುವ ಶೌಚಾಲಯವನ್ನು ಕಾರ್ಮಿಕರು ಬಿಟ್ಟು ಬಯಲಿಗೆ ಹೋದರೆ ಅದು ಅವರ ಅಭ್ಯಾಸದ ದೋಷವಲ್ಲ.

ತೊಟ್ಟಿಗಳನ್ನು ಯಂತ್ರದಿಂದಲೇ ಖಾಲಿ ಮಾಡಬೇಕು ಎಂಬುದೂ ಅಷ್ಟೇ ಮುಖ್ಯ. ಸುರಕ್ಷತಾ ಸಾಧನಗಳಿಲ್ಲದೆ ಮನುಷ್ಯರನ್ನು ಮಲದ ಗುಂಡಿ ಸ್ವಚ್ಛಗೊಳಿಸುವ ಅಪಾಯಕಾರಿ ಕೆಲಸಕ್ಕೆ ಹಚ್ಚುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಡಿಆರ್‌ಡಿಒ ಅಭಿವೃದ್ಧಿಪಡಿಸಿದ, ರೈಲುಗಳಲ್ಲಿಯೂ ಬಳಕೆಗೆ ಬಂದ ಜೈವಿಕ ಶೌಚಾಲಯ ಇನ್ನೊಂದು ಆಯ್ಕೆ. ಅದರಲ್ಲಿ ಬ್ಯಾಕ್ಟೀರಿಯಾಗಳು ಮಲವನ್ನು ಕರಗಿಸುತ್ತವೆ. ಆದರೆ ಶುಚಿಗೊಳಿಸಲು ಫಿನಾಯಿಲ್, ಆಸಿಡ್ ಸುರಿದರೆ ಆ ಜೀವಾಣುಗಳೇ ಸಾಯುತ್ತವೆ.

ಸಿಮೆಂಟಿನ ಕೈಗೆ ಸಾಬೂನು

ಕೈ ತೊಳೆಯುವುದು ಎಂದರೆ 2020ರ ಕೋವಿಡ್ ದಿನಗಳು ನೆನಪಾಗುತ್ತವೆ. ಕಟ್ಟಡ ಕಾರ್ಮಿಕರಿಗೆ ಅದರ ಅಗತ್ಯ ಅದಕ್ಕಿಂತ ಹಳೆಯದು. ಹಸಿ ಸಿಮೆಂಟು ತೀವ್ರ ಕ್ಷಾರಗುಣವುಳ್ಳದ್ದು. ಬಹಳ ಹೊತ್ತು ತಾಗಿದರೆ ಚರ್ಮ ಸುಡುತ್ತದೆ. ಅದರಲ್ಲಿರುವ ಕ್ರೋಮಿಯಂ ಅಂಶ ಅಲರ್ಜಿಯ ಕಜ್ಜಿಗೆ ಕಾರಣವಾಗಬಲ್ಲುದು. ಕರಣೆ, ಬಾಂಡಲಿ ತೊಳೆದ ಡ್ರಮ್ಮಿನ ನೀರಿನಲ್ಲೇ ಕೈ ಅದ್ದಿದರೆ ಪ್ರಯೋಜನವಿಲ್ಲ, ಏಕೆಂದರೆ ಆ ನೀರೂ ಕ್ಷಾರವಾಗಿರುತ್ತದೆ. ಹರಿಯುವ ಶುದ್ಧ ನೀರು ಮತ್ತು ಸಾಬೂನು ಬೇಕು. ಊಟಕ್ಕೆ ಕೂರುವ ಜಾಗದ ಬಳಿಯೂ ಬೇಕು. ಸ್ಯಾನಿಟೈಸರ್ ಸಿಮೆಂಟನ್ನು ತೆಗೆಯದು. ಕುಡಿಯುವ ನೀರಿನ ನೆಲೆ ಶೌಚಾಲಯ ಅಥವಾ ತೊಳೆಯುವ ಜಾಗದಿಂದ ಆರು ಮೀಟರ್ ಒಳಗೆ ಇರಕೂಡದು ಎಂದು 1996ರ ಕಾಯ್ದೆಯೇ ಎಚ್ಚರಿಸಿತ್ತು.

ನೀರು ಕುಡಿಯದ ಮಹಿಳೆಯರು

ಶೌಚಾಲಯದ ಕೊರತೆಯ ಭಾರ ಹೆಚ್ಚಾಗಿ ಬೀಳುವುದು ಮಹಿಳೆಯರ ಮೇಲೆ. ಮರೆಯಿಲ್ಲದ ಕಡೆ ಅವರು ಬೆಳಕು ಹರಿಯುವ ಮುನ್ನ ಅಥವಾ ಕತ್ತಲಾದ ಮೇಲೆ ಹೋಗಬೇಕಾಗುತ್ತದೆ. ನಡುವಿನ ಹೊತ್ತನ್ನು ಕಳೆಯಲು ನೀರನ್ನೇ ಕುಡಿಯದಿರುವುದು ಹಲವರು ಕಂಡುಕೊಂಡ ದಾರಿ. ಬಿಸಿಲಿನಲ್ಲಿ ಇಟ್ಟಿಗೆ ಹೊರುವ ದೇಹಕ್ಕೆ ಇದು ನಿರ್ಜಲೀಕರಣವನ್ನೂ ಮೂತ್ರನಾಳದ ಸೋಂಕನ್ನೂ ತರುತ್ತದೆ. ಮುಟ್ಟಿನ ದಿನಗಳಲ್ಲಿ ಕೂಲಿ ಬಿಟ್ಟು ಮನೆಯಲ್ಲಿ ಉಳಿಯಬೇಕಾದ ಸ್ಥಿತಿಯೂ ಉಂಟಾಗುತ್ತದೆ. ಒಂದು ಚಿಲಕ, ಒಂದು ದೀಪ ಇಲ್ಲದಿರುವುದರ ಬೆಲೆಯನ್ನು ಹೀಗೆ ಆಕೆಯ ಆರೋಗ್ಯವೂ ದಿನಗೂಲಿಯೂ ತೆರುತ್ತವೆ.

ಹೊಣೆ ಯಾರದು?

ಬಿಲ್ಡರ್, ಗುತ್ತಿಗೆದಾರ, ಉಪಗುತ್ತಿಗೆದಾರ, ಮೇಸ್ತ್ರಿ ಎಂಬ ಸರಪಳಿಯಲ್ಲಿ ಶೌಚಾಲಯದ ಹೊಣೆ ಕೆಳಕೆಳಗೆ ಜಾರುವುದು ರೂಢಿ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಡಿ ಮೊದಲ ಹೊಣೆ ಗುತ್ತಿಗೆದಾರನದಾಗಿತ್ತು. ಆತ ತಪ್ಪಿದರೆ ಮಾತ್ರ ಮೂಲ ಮಾಲೀಕನ ಸರದಿ. ಹೊಸ ಸಂಹಿತೆಯ 53ನೇ ಕಲಮು ಈ ಕ್ರಮವನ್ನು ಬದಲಿಸಿದೆ. 50 ಅಥವಾ ಅದಕ್ಕಿಂತ ಹೆಚ್ಚು ಗುತ್ತಿಗೆ ಕಾರ್ಮಿಕರಿರುವಲ್ಲಿ ಈ ಸೌಲಭ್ಯಗಳನ್ನು ಮೂಲ ಮಾಲೀಕನೇ ಒದಗಿಸಬೇಕು.

ದಂಡದಲ್ಲಿಯೂ ವ್ಯತ್ಯಾಸವಿದೆ. ಹಳೆಯ ಕಾಯ್ದೆಯಲ್ಲಿ ಇಂಥ ಸಾಮಾನ್ಯ ಉಲ್ಲಂಘನೆಗೆ ಗರಿಷ್ಠ ದಂಡ 1,000 ರೂಪಾಯಿ. ಶೌಚಾಲಯ ಕಟ್ಟಿಸುವುದಕ್ಕಿಂತ ದಂಡ ಕಟ್ಟುವುದೇ ಅಗ್ಗವಾಗಿತ್ತು. ಸಂಹಿತೆಯಲ್ಲಿ ಅದು 2 ಲಕ್ಷದಿಂದ 3 ಲಕ್ಷ ರೂಪಾಯಿವರೆಗಿದೆ. ಆದರೆ ತಪಾಸಣೆಯೇ ನಡೆಯದಿದ್ದರೆ ಎರಡೂ ಒಂದೇ.

ಸ್ವಂತ ಮನೆ ಕಟ್ಟಿಸುವವರೂ ಒಂದು ಅಂಶ ಗಮನಿಸಬೇಕು. ಹತ್ತಕ್ಕಿಂತ ಕಡಿಮೆ ಕಾರ್ಮಿಕರಿರುವ ಕೆಲಸ ಹಾಗೂ 50 ಲಕ್ಷ ರೂಪಾಯಿ ಮೀರದ ಸ್ವಂತ ವಾಸದ ಮನೆ ನಿರ್ಮಾಣ ಸಂಹಿತೆಯ ಕಟ್ಟಡ ಕಾಮಗಾರಿಯ ವ್ಯಾಖ್ಯೆಗೆ ಬರುವುದಿಲ್ಲ. ಆ ಮಿತಿಯನ್ನು ದಾಟುವ ಮನೆಗಳು ಇಂದು ನಗರದಲ್ಲಿ ಅಪರೂಪವಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಶೇ 1ರಷ್ಟು ಸೆಸ್ ಕಟ್ಟಿದ್ದೇವೆ ಎಂಬ ಸಮಜಾಯಿಷಿಯೂ ನಿಲ್ಲದು. ಸೆಸ್ ಬೇರೆ, ಕೆಲಸದ ಸ್ಥಳದ ಶೌಚಾಲಯ ಬೇರೆ. ಎರಡನೆಯದು ಮಾಲೀಕನ ಸ್ವಂತ ಖರ್ಚಿನದು.

ಗುತ್ತಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನವೇ ಶೌಚಾಲಯ, ನೀರು, ಸಾಬೂನು, ತೊಟ್ಟಿ ಖಾಲಿ ಮಾಡುವ ವೆಚ್ಚಗಳನ್ನು ಅಂದಾಜು ಪಟ್ಟಿಯಲ್ಲಿ ಪ್ರತ್ಯೇಕವಾಗಿ ನಮೂದಿಸಿದರೆ ಅರ್ಧ ಸಮಸ್ಯೆ ಅಲ್ಲಿಗೇ ಬಗೆಹರಿಯುತ್ತದೆ. ಪಾಯ ತೆಗೆಯುವ ದಿನವೇ ಶೌಚಾಲಯವೂ ಸಿದ್ಧವಿರಬೇಕು; ತಾರಸಿ ಬಿದ್ದ ಮೇಲೆ ಬಂದರೆ ಅದು ಯಾರ ಉಪಯೋಗಕ್ಕೂ ಇಲ್ಲ.